ಓದುಗರನ್ನು ಅರಸಿ ನಡೆದ ಗಳಗನಾಥರು

ಪುಸ್ತಕ ಬರೆಯುವುದು ಒಂದು ಕೆಲಸವಾದರೆ, ಓದುಗರನ್ನು ಸಂಪಾದಿಸುವುದು ಇನ್ನೊಂದು. ಕನ್ನಡದಲ್ಲಿ ಈ ಎರಡನ್ನೂ ಲೇಖಕನೇ ಮಾಡಬೇಕಾಗಿದ್ದ ಕಾಲವೊಂದಿತ್ತು. ಆ ಕಾಲದ ಮಾತು ಬಂದಾಗ ಮೊದಲು ನೆನಪಾಗುವವರು ಗಳಗನಾಥರು.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ. ಊರಿನ ಹೆಸರೇ ಕಾವ್ಯನಾಮವಾಯಿತು. ವೃತ್ತಿಯಿಂದ ಶಾಲಾ ಮಾಸ್ತರರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಆಗ ಮರಾಠಿಯದೇ ಪ್ರಾಬಲ್ಯ. ಮನೆಮಾತು ಕನ್ನಡವಾಗಿದ್ದ ವಿದ್ಯಾವಂತರಲ್ಲೂ ಅನೇಕರು ಓದಿಗೆ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದರು. ಈ ಸ್ಥಿತಿಯನ್ನು ಬದಲಿಸಲೆಂದು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘವು ಬರೆಯುವವರಿಗೆ ಪ್ರೋತ್ಸಾಹ ನೀಡಿತು. ಆದರೆ ಕನ್ನಡ ಪುಸ್ತಕವನ್ನು ಕೊಂಡು ಓದುವವರು ಎಲ್ಲಿದ್ದರು?

ಗಳಗನಾಥರು ಇದಕ್ಕೆ ಮೂರು ದಾರಿ ಹಿಡಿದರು. ಮೊದಲನೆಯದು ವಸ್ತುವಿನ ಆಯ್ಕೆ. ಜನ ಮರಾಠಿಯಲ್ಲಿ ಮೆಚ್ಚಿ ಓದುತ್ತಿದ್ದ ಹರಿ ನಾರಾಯಣ ಆಪ್ಟೆಯವರ ಚಾರಿತ್ರಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಕನ್ನಡದ ರುಚಿ ಹತ್ತಿದ ಓದುಗರಿಗೆ ‘ಮಾಧವ ಕರುಣಾ ವಿಲಾಸ’ದಲ್ಲಿ ತಮ್ಮದೇ ನೆಲದ ವಿಜಯನಗರ ಸ್ಥಾಪನೆಯ ಕಥೆ ಹೇಳಿದರು.

ಎರಡನೆಯದು ಪತ್ರಿಕೆ. 20ನೇ ಶತಮಾನದ ಮೊದಲ ದಶಕದಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದರಲ್ಲಿ ಅವರ ಕಾದಂಬರಿಗಳು ಕಂತು ಕಂತಾಗಿ ಬಂದವು. ಇಡೀ ಪುಸ್ತಕಕ್ಕೆ ಹಣ ಕೊಡಲು ಹಿಂಜರಿಯುವವರೂ ಚಂದಾ ಕಟ್ಟಿಯಾರು. ಮುಂದೇನಾಯಿತೆಂಬ ಕುತೂಹಲ ಅವರನ್ನು ಮುಂದಿನ ಸಂಚಿಕೆಗೆ ಕಾಯಿಸುತ್ತದೆ. ಒಬ್ಬರು ಓದಿ ಹತ್ತು ಜನ ಕೇಳುವ ರೂಢಿಯಿದ್ದ ಹಳ್ಳಿಗಳಲ್ಲಿ ಒಂದು ಪ್ರತಿಯೆಂದರೆ ಒಬ್ಬನೇ ಓದುಗನಲ್ಲ.

ಮೂರನೆಯದು ಕಾಲ್ನಡಿಗೆ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ, ಮನೆಬಾಗಿಲಲ್ಲೇ ಮಾರಿದ ಲೇಖಕರವರು. ಕನ್ನಡ ಪುಸ್ತಕದ ಅಂಗಡಿಯೇ ಇಲ್ಲದ ಊರುಗಳಿಗೆ ಲೇಖಕನೇ ಅಂಗಡಿಯಾಗದೆ ಬೇರೆ ಮಾರ್ಗವಿರಲಿಲ್ಲ.

ಮೈಸೂರು ಸೀಮೆಯಲ್ಲಿ ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರನ್ನೂ ಇಲ್ಲಿ ನೆನೆಯಬೇಕು. ಇಬ್ಬರದೂ ಬಹುಪಾಲು ಅನುವಾದ, ಸ್ವಂತದ್ದು ಕಡಿಮೆ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ಕಾದಂಬರಿಯೆಂದರೇನೆಂದು ತಿಳಿದ ಓದುಗವರ್ಗವನ್ನು ಮುಂದಿನ ತಲೆಮಾರಿನ ಲೇಖಕರಿಗೆ ಸಿದ್ಧಮಾಡಿ ಕೊಟ್ಟವರು ಇವರೇ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರನ್ನು ನಂಬಿ ಪುಸ್ತಕ ಪ್ರಕಟಿಸಲು ಹೊರಟಾಗ, ಆ ಸೀಮೆಯಲ್ಲಿ ಹಣ ಕೊಟ್ಟು ಕನ್ನಡ ಓದುವ ಅಭ್ಯಾಸ ಆಗಲೇ ಬೇರೂರಿತ್ತು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳನ್ನು ಇಂದು ಓದುವವರು ವಿರಳ. ಆದರೂ ಬರೆದದ್ದನ್ನು ಓದುವವರಿಲ್ಲ ಎಂದು ಕೊರಗುವ ಮುನ್ನ, ಓದುಗನ ಬಾಗಿಲಿನವರೆಗೆ ನಾವು ಎಷ್ಟು ದೂರ ನಡೆದಿದ್ದೇವೆ ಎಂದು ಕೇಳಿಕೊಳ್ಳುವುದನ್ನು ಅವರ ಬದುಕು ಕಲಿಸುತ್ತದೆ.