ಶಿವಪ್ಪನಾಯಕನ ಶಿಸ್ತೂ ಗದ್ದೆಯ ಮೇಲಣ ಗುಡ್ಡವೂ

ಒಂದೆಡೆ ಗಣಿಯನ್ನು ತೋಡಬೇಕೆಂಬ ಪ್ರಸ್ತಾಪ ಬಂದಾಗ, ಆ ನೆಲವು ಉತ್ತಮವಾದ ಸಾಗುವಳಿಯ ಭೂಮಿಯೇ ಅಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜವಷ್ಟೆ. ಇದನ್ನು ನಿರ್ಣಯಿಸುವ ಬಗೆ ಹೇಗೆ? ಗಣಿಯ ಮಾತೇ ಇಲ್ಲದ ಕಾಲದಲ್ಲಿ ಭೂಮಿಯ ತರವನ್ನು ಗೊತ್ತುಮಾಡುವ ಕೆಲಸವು ನಮ್ಮ ಮಲೆನಾಡಿನಲ್ಲಿ ಬಹು ಚೆನ್ನಾಗಿ ನಡೆದಿತ್ತೆಂಬುದನ್ನು ವಾಚಕರು ಬಲ್ಲರು.

ಕೆಳದಿಯೂ ಇಕ್ಕೇರಿಯೂ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು ಹೊಸನಗರಕ್ಕೂ ಕವಲೇದುರ್ಗ ತೀರ್ಥಹಳ್ಳಿಗೂ ಸೇರಿವೆ. ಈ ಸೀಮೆಯನ್ನು 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಏರ್ಪಡಿಸಿದ ಕಂದಾಯದ ಕಟ್ಟಳೆಗೆ 'ಶಿಸ್ತು' ಎಂದು ಹೆಸರು. ಗದ್ದೆಗಳನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮವೆಂದು ಐದು ತರವಾಗಿ ವಿಂಗಡಿಸಿ, ಗ್ರಾಮದಲ್ಲಿ ಒಂದೊಂದು ತರದ ಒಂದೊಂದು ಗದ್ದೆಯ ಬೆಳೆಯನ್ನು 12 ವರ್ಷ ಎಡೆಬಿಡದೆ ಲೆಕ್ಕವಿಟ್ಟು, ಫಲದ ಸರಾಸರಿಯನ್ನು ತೆಗೆದು, ಮೂರರಲ್ಲಿ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನೆಂದು ಹೇಳುತ್ತಾರೆ.

ಈ ಕ್ರಮದಲ್ಲಿ ನಮಗೆ ಮೆಚ್ಚುಗೆಯಾಗುವುದು ಮೂರರ ಪಾಲಲ್ಲ (ಅದು ಹಗುರವಾದ ಪಾಲೇನೂ ಅಲ್ಲ), ಆ 12 ವರ್ಷಗಳ ತಾಳ್ಮೆ. ಒಂದು ವರ್ಷ ಅತಿವೃಷ್ಟಿ, ಮತ್ತೊಂದು ವರ್ಷ ಹಿಂದೆಬಿದ್ದ ಮುಂಗಾರು, ಇನ್ನೊಂದು ವರ್ಷ ರೋಗ. ಬೇಸಗೆಯಲ್ಲಿ ಒಮ್ಮೆ ಬಂದು ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿಹೋಗುವವನಿಗೆ ಈ ಭೂಮಿ ತನ್ನ ಗುಣವನ್ನು ತೋರುವುದಿಲ್ಲ.

ಅಮೆರಿಕಾ ದೇಶದಲ್ಲಿ 1977ರಲ್ಲಿ ಆದ ಗಣಿ ಕಾನೂನಿನಲ್ಲಿಯೂ ಇಂಥದೇ ವಿಚಾರವಿದೆ. ಮಣ್ಣಿನ ಪರೀಕ್ಷೆಯೊಡನೆ, ಹಿಂದಿನ 10 ವರ್ಷಗಳಲ್ಲಿ 5 ವರ್ಷವಾದರೂ ಅಲ್ಲಿ ಬೆಳೆ ತೆಗೆದಿದ್ದರೇ ಎಂಬುದನ್ನು ಅಲ್ಲಿನ ನಿಯಮಗಳು ಕೇಳುತ್ತವೆ. ಉತ್ತಮ ಭೂಮಿಯೆಂದು ಸಿದ್ಧವಾದರೆ, ಗಣಿಯವನು ಮಣ್ಣಿನ ಪದರಗಳನ್ನು ಬೇರೆಬೇರೆಯಾಗಿ ತೆಗೆದಿಟ್ಟು, ಕಡೆಗೆ ಮರಳಿ ಹಾಸಿ, ಮೊದಲಿನಷ್ಟೇ ಬೆಳೆಯನ್ನು ಅಲ್ಲಿ ತೋರಿಸಿಕೊಡಬೇಕು.

ಆದರೆ ಈ ಎರಡು ಅಳತೆಗಳೂ ಬೆಳೆಯುವ ನೆಲವನ್ನೇ ಅಳೆಯುತ್ತವೆ. ನಮ್ಮ ಸೀಮೆಯ ತೊಡಕು ಇಲ್ಲಿದೆ. ಇಲ್ಲಿ ಗದ್ದೆಯೂ ಅಡಕೆಯ ತೋಟವೂ ಕಣಿವೆಯ ತಳದಲ್ಲಿ. ಅದಿರಿರುವುದು ಮೇಲಣ ಗುಡ್ಡದಲ್ಲಿ. ಆ ಗುಡ್ಡದಲ್ಲಿ ನೇಗಿಲು ಹೂಡಿದವರಿಲ್ಲ. ಹತ್ತು ವರ್ಷವಲ್ಲ, ನೂರು ವರ್ಷದ ಲೆಕ್ಕವನ್ನು ತೆಗೆದರೂ ಅಲ್ಲಿ ಒಂದು ಸೇರು ಬತ್ತ ಸಿಕ್ಕದು. ಆದುದರಿಂದ ಕಾಗದದ ಮೇಲೆ ಅದು ಅಧಮಾಧಮಕ್ಕಿಂತಲೂ ಕೆಳಗಿನದು, ಬರಿಯ ಪಾಳು. ಆದರೆ ಮಳೆಗಾಲದ ನೀರನ್ನು ಹೀರಿ, ಬೇಸಗೆಯವರೆಗೆ ಒಸರಾಗಿ ತೋಟದ ಕಾಲುವೆಗೆ ಬಿಡುವುದು ಆ ಪಾಳೇ. ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ಸೊಪ್ಪು ಬರುವುದು ಸೊಪ್ಪಿನ ಬೆಟ್ಟದಿಂದ. ಅಡಕೆಯ ಬುಡಕ್ಕೆ ಹರಡುವ ಹೊಸ ಮಣ್ಣು ಬರುವುದು ಗುಡ್ಡದ ಇಳಿಜಾರಿನಿಂದ. ಶಿಸ್ತಿನಲ್ಲಿ ಉತ್ತಮವೆನಿಸಿದ ಗದ್ದೆಯ ಉತ್ತಮತ್ವದ ಒಂದು ಭಾಗ ಗದ್ದೆಯ ಹೊರಗೇ ಇತ್ತು. 12 ವರ್ಷದ ಸರಾಸರಿಯಲ್ಲಿ ಗುಡ್ಡದ ಪಾಲು ಅಡಗಿ ಕುಳಿತಿತ್ತು. ಅದನ್ನು ಪ್ರತ್ಯೇಕಿಸಿ ಬರೆಯುವ ಅಗತ್ಯ ಶ್ಯಾನುಭೋಗರಿಗೆ ಅಂದು ಬೀಳಲಿಲ್ಲ, ಗುಡ್ಡವನ್ನು ಯಾರೂ ಒಯ್ಯುವಂತಿರಲಿಲ್ಲವಾದ ಕಾರಣ.

ಗುಡ್ಡವನ್ನು ಕಡಿದರೆ ಮೊದಲ ಮಳೆಯಲ್ಲಿಯೇ ಸಡಿಲವಾದ ಮಣ್ಣು ಗದ್ದೆಗೆ ಇಳಿಯುವುದು. ಒಸರು ಬತ್ತುವುದು ಅನಂತರ, ನಿಧಾನವಾಗಿ. ತಗ್ಗಿನ ನೆಲಕ್ಕೆ ಆಪತ್ತು ಮೇಲಿನಿಂದಲೇ ಬರಬೇಕೆಂದಿಲ್ಲ: 1964ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಕಟ್ಟೆಯಿಂದ ಶರಾವತಿಯ ನೀರು ಏರಿದಾಗ ಮೊದಲು ಮುಳುಗಿದ್ದೂ ಹೊಳೆಯಂಚಿನ ಫಲವತ್ತಾದ ಬಯಲೇ.

ಈ ಜಿಲ್ಲೆಯ ಅಂಬಾರಗುಡ್ಡದಲ್ಲಿ ಗಣಿಗಾರಿಕೆಗೆ ಜನರಿಂದ ಬಲವಾದ ವಿರೋಧ ಬಂದಿತು. 2011ರಲ್ಲಿ ರಾಜ್ಯ ಸರ್ಕಾರವು ಆ ಗುಡ್ಡವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಗುಡ್ಡಕ್ಕೆ ಆ ಗೌರವ ದೊರೆತದ್ದು 2002ರ ಜೀವವೈವಿಧ್ಯ ಕಾನೂನಿನ ಮೇರೆಗೆ, ಅಂದರೆ ಅಲ್ಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ದೆಸೆಯಿಂದ. ಕೆಳಗಣ ಗದ್ದೆ ತೋಟಗಳಿಗೆ ಗುಡ್ಡವು ಸಲ್ಲಿಸುವ ಪಾಲನ್ನು ಲೆಕ್ಕಹಾಕುವುದು ಆ ಕಾನೂನಿನ ಕೆಲಸವಲ್ಲ. ಪಹಣಿಯಲ್ಲಿಯೂ ಅದಕ್ಕೊಂದು ಅಂಕಣವಿಲ್ಲ.