ಕುಂಪಣಿಯ ಬಾಗಿಲು, ಊರಿನ ಬಾಗಿಲು

ಹೋದ ವರ್ಷ ಬಿ. ಎ. ತರಗತಿಯಲ್ಲಿ ಕಿಟ್ಟೆಲ್ಲರ ನಿಘಂಟಿನ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸರ್, ಕಿಟ್ಟೆಲ್ ಯಾವ ಚರ್ಚಿನವರು?” ಎಂದು ಕೇಳಿದ. “ಬಾಸೆಲ್ ಮಿಶನ್ನಿನವರು” ಎಂದೆ. “ಅದು ಮಿಶನ್ ಆತ್ರಿ ಸರ್. ಚರ್ಚ್ ಯಾವುದು? ಲೂಥರನ್ನೋ, ಇಂಗ್ಲೆಂಡಿನದೋ, ಮತ್ತ್ಯಾವುದೋ?” ಎಂದ. 1894ರಲ್ಲಿ ಅಚ್ಚಾದ ಆ ಹೆಬ್ಬೊತ್ತಗೆಯನ್ನು ಇಪ್ಪತ್ತು ವರ್ಷಗಳಿಂದ ಮೇಜಿನ ಮೇಲಿಟ್ಟುಕೊಂಡಿರುವ ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆಂದು, ಮಾಸ್ತರ ಮಂದಿ ಸಾಮಾನ್ಯವಾಗಿ ಮಾಡುವಂತೆ, ಮುಂದಿನ ಪಾಠಕ್ಕೆ ಹೊರಳಿದೆ.

ನಾನಿರುವುದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ರೈಲಿನ ಸದ್ದಿನಷ್ಟೇ ಭಾನುವಾರದ ಗಂಟೆಯೂ ಇಲ್ಲಿಯವರಿಗೆ ರೂಢಿ. 1880ರ ದಶಕದಲ್ಲಿ ಈ ಕಡೆಗೆ ರೈಲು ಬಂದಮೇಲೆ ಅದರ ಹಿಂದೆ ತೆಲುಗರು, ತಮಿಳರು, ಗೋವೆಯವರು ಬಂದು ನೆಲೆಸಿದರು; ಅವರವರ ಪ್ರಾರ್ಥನೆಯೂ ಜೊತೆಗೆ ಬಂತು. ನಮ್ಮ ಬೀದಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರದು ಅಚ್ಚ ಕನ್ನಡ ಮನೆ, ನಾಲ್ಕೈದು ತಲೆಗಳಿಂದ ಕ್ರೈಸ್ತರು. ಆ ಸಂಜೆ ಅವರನ್ನೇ ಕೇಳಿದೆ. “ನಮ್ಮದು ಬಾಸೆಲ್ ಸಭಾ ರೀ, ಸರ. ಲೂಥರನ್ ಅಂದ್ರೂ ನಡೀತದ, ಅಲ್ಲಂದ್ರೂ ನಡೀತದ” ಎಂದು ನಕ್ಕರು. ನಗೆಯ ಮಾತಾದರೂ ಅದರೊಳಗೆ ನೂರಾರು ವರ್ಷಗಳ ಇತಿಹಾಸವಿದೆಯೆಂಬುದು ಆಮೇಲೆ ಓದುತ್ತ ಹೋದಂತೆ ನನಗೆ ತಿಳಿಯಿತು.

ಇಂಗ್ಲಿಷರ ಆಳಿಕೆಯೆಂದರೆ ಪಾದ್ರಿಗಳ ಆಳಿಕೆಯೇ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಮೊದಮೊದಲು ಸಂಗತಿ ಇದಕ್ಕೆ ವಿರುದ್ಧವಾಗಿತ್ತು. ಕುಂಪಣಿಗೆ ಬೇಕಾಗಿದ್ದುದು ವ್ಯಾಪಾರ ಮತ್ತು ಕಂದಾಯ. ಪಾದ್ರಿಗಳು ಬಂದು ಜನರ ಧರ್ಮಕ್ಕೆ ಕೈಹಾಕಿದರೆ ದಂಗೆಯೆದ್ದೀತೆಂಬ ಅಂಜಿಕೆಯಿಂದ ಅದು ತನ್ನ ಸೀಮೆಯ ಬಾಗಿಲನ್ನು ಅವರಿಗೆ ಮುಚ್ಚಿಯೇ ಇಟ್ಟಿತ್ತು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಇಂಗ್ಲಿಷನಾಗಿದ್ದೂ ಇಂಗ್ಲಿಷರ ಸೀಮೆಯಲ್ಲಿ ಬಹಿರಂಗವಾಗಿ ಮಿಶನ್ ಕಟ್ಟಲಾರದೆ 1800ರಲ್ಲಿ ಡೇನರ ಧ್ವಜವಿದ್ದ ಶ್ರೀರಾಮಪುರದಲ್ಲಿ ಆಸರೆ ಪಡೆಯಬೇಕಾಯಿತು. 1806ರ ವೆಲ್ಲೂರಿನ ಸಿಪಾಯಿಗಳ ದಂಗೆ ಈ ಅಂಜಿಕೆಯನ್ನು ಇಮ್ಮಡಿಸಿತು. 1813ರ ಸನದಿನಿಂದ ಬಾಗಿಲು ಅರೆ ತೆರೆಯಿತು: ಲೈಸನ್ಸು ಪಡೆದವರು ಬರಬಹುದು. ಇಂಗ್ಲಿಷರಲ್ಲದ ಪಾದ್ರಿಗಳಿಗೆ ದಾರಿ ಸುಗಮವಾದದ್ದು 1833ರ ಸನದು ಬಂದ ಮೇಲೆ.

ನಮ್ಮ ಸೀಮೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಧಾರವಾಡವು ಪೇಶವೆಯವರ ಕೈಯಿಂದ ಕುಂಪಣಿಗೆ ಬಂದದ್ದು 1818ರ ವೇಳೆಗೆ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದ. ಅದಾಗಿ ಬರೇ ಹದಿಮೂರು ವರ್ಷಕ್ಕೆ, 1837ರಲ್ಲಿ, ಜರ್ಮನ್ ಪಾದ್ರಿಗಳು ಧಾರವಾಡಕ್ಕೆ ಬಂದು ಮನೆ ಹಿಡಿದರು. ರಾಣಿ ಚೆನ್ನಮ್ಮನ ಹೆಸರು ಜನರ ಬಾಯಲ್ಲಿ ಹಸಿಯಾಗಿದ್ದ ಕಾಲವದು ಎಂಬುದನ್ನು ಮರೆತರೆ ಅವರ ಬರವಿನ ಅರ್ಥವೇ ಆಗುವುದಿಲ್ಲ.

ಈ ಪಾದ್ರಿಗಳು ಯಾರು? 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಸಂಘದವರು. ಬಾಸೆಲ್ ಇರುವುದು ಸ್ವಿಸ್, ಜರ್ಮನ್ ಮತ್ತು ಫ್ರೆಂಚ್ ಸೀಮೆಗಳು ಕೂಡುವ ಗಡಿಯಲ್ಲಿ, ರೈನ್ ನದಿಯ ದಡದಲ್ಲಿ. ಪಟ್ಟಣದ ಚರ್ಚು ಸುಧಾರಿತ ಪಂಥದ್ದು. ಅಲ್ಲಿ ಕಲಿಯಲು ಬಂದ ತರುಣರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ್ನರು, ರೈತರ ಮತ್ತು ಕಸಬುದಾರರ ಮನೆಗಳ ಮಕ್ಕಳು. ಈ ಎರಡು ಪಂಥಗಳ ನಡುವಿನ ಜಗಳ ಸಣ್ಣದಲ್ಲ. 1529ರಲ್ಲಿ ಮಾರ್ಬರ್ಗ್ ಪಟ್ಟಣದಲ್ಲಿ ಲೂಥರನೂ ಜ್ಯೂರಿಕ್ಕಿನ ತ್ಸ್ವಿಂಗ್ಲಿಯೂ ಎದುರುಬದುರು ಕುಳಿತು ವಾದಿಸಿ, ಒಪ್ಪದೆ ಎದ್ದುಹೋದರು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿಯೂ ಇದೆಯೋ, ಅಥವಾ ರೊಟ್ಟಿ ಅದನ್ನು ಸೂಚಿಸುತ್ತದೆ ಮಾತ್ರವೋ ಎಂಬುದು ವಾದ. ಲ್ಯಾಟಿನ್ನಿನ ಒಂದು ಕ್ರಿಯಾಪದದ ಮೇಲೆ ನಿಂತ ವಾದ.

ಇಲ್ಲಿ ಕನ್ನಡ ಮಾಸ್ತರನ ಒಂದು ಚಪಲವನ್ನು ವಾಚಕರು ಮನ್ನಿಸಬೇಕು. ಆ ಕ್ರಿಯಾಪದವೇ ನಮ್ಮಲ್ಲಿ ಬೇಕಿಲ್ಲ. “ಇವನು ನನ್ನ ತಮ್ಮ”, “ಇದು ನಮ್ಮ ಹೊಲ” ಎನ್ನುತ್ತೇವೆ, ವಾಕ್ಯ ಪೂರ್ತಿಯಾಗುತ್ತದೆ. ‘ಆಗಿದ್ದಾನೆ’, ‘ಆಗಿದೆ’ ಎಂದು ಸೇರಿಸಿದರೆ ಕಿವಿಗೆ ತೊಡಕು. ಯುರೋಪಿನಲ್ಲಿ ಮುನ್ನೂರು ವರ್ಷ ಜನರನ್ನು ಒಡೆದ ಆ ಮಾತು ಕನ್ನಡಕ್ಕೆ ಬರುವ ಹೊತ್ತಿಗೆ ತನ್ನ ಮೊನೆಯನ್ನೇ ಕಳೆದುಕೊಂಡಿರಬೇಕು. ವ್ಯಾಕರಣದಿಂದ ಜಗಳ ಹರಿಯಿತೆಂದು ನಾನು ಸಾಧಿಸಹೊರಟಿಲ್ಲ. ಆದರೂ ಧಾರವಾಡದ ಒಬ್ಬ ರೈತನಿಗೆ ಲೂಥರನ ಪಕ್ಷವನ್ನೂ ತ್ಸ್ವಿಂಗ್ಲಿಯ ಪಕ್ಷವನ್ನೂ ಬೇರೆಬೇರೆಯಾಗಿ ತಿಳಿಯಹೇಳಲು ಹೊರಟ ಪಾದ್ರಿಯ ಪಾಡನ್ನು ನೆನೆದರೆ ನಗೆ ಬರುತ್ತದೆ.

ಬಾಸೆಲ್ಲಿನವರು ಈ ಜಗಳವನ್ನು ಬೇಕೆಂದೇ ಹೊಸ್ತಿಲ ಹೊರಗಿಟ್ಟರು. ಲೂಥರನ್ ಲೂಥರನ್ನಾಗಿಯೇ, ಸುಧಾರಿತನು ಸುಧಾರಿತನಾಗಿಯೇ ಒಂದೇ ಪಂಕ್ತಿಯಲ್ಲಿ ಕಲಿಯಬೇಕು. ತಮ್ಮದೇ ಕ್ಷೇತ್ರಗಳಿಲ್ಲದ ಮೊದಲ ದಿನಗಳಲ್ಲಿ, ಕಲಿತ ತರುಣರನ್ನು ಬೇರೆ ಸಂಘಗಳಿಗೆ ಕೊಟ್ಟುಬಿಟ್ಟರು. ಲಂಡನ್ನಿನ ಚರ್ಚ್ ಮಿಶನರಿ ಸೊಸಾಯಿಟಿಯೊಂದಕ್ಕೇ ಹತ್ತಾರು ಮಂದಿ ಹೋದರು. ಸ್ವಿಸ್ ಪಟ್ಟಣದಲ್ಲಿ ಓದಿದ ಜರ್ಮನ್ ಲೂಥರನ್ನನು ಇಂಗ್ಲೆಂಡಿನ ಚರ್ಚಿನ ದೀಕ್ಷೆ ಪಡೆದು ಹಡಗು ಹತ್ತುವುದು ಅಂದಿನ ಯುರೋಪಿನಲ್ಲಿ ಸಾಮಾನ್ಯ ಸಂಗತಿಯಲ್ಲ. ಇಂಥ ಹೊಂದಾಣಿಕೆಗೆ ಧರ್ಮಬುದ್ಧಿಯಷ್ಟೇ ಕಾರಣವೆಂದರೆ ನಾನು ನಂಬಲಾರೆ. ಮುಚ್ಚಿದ ನಾಡುಗಳಿಗೆ ಹೋಗಬೇಕಾದರೆ ಯಾರದಾದರೂ ಧ್ವಜ, ಯಾರದಾದರೂ ಪರವಾನಿಗೆ ಬೇಕು. ಸ್ವಿಸ್ಸರಿಗೆ ಇಂಡಿಯಾದಲ್ಲಿ ಅಂಥ ಧ್ವಜವಿರಲಿಲ್ಲ.

1833ರ ಸನದಿನ ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಖ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರು ಸೇರಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಬರುವಾಗ ಅವರಿಗೆ ಕನ್ನಡ ಬಾರದು. ಆದರೆ ದಾರಿ ಮಾಡಿಟ್ಟವರು ಇದ್ದರು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಇದ್ದ. ಅಲ್ಲಿಯೇ ವಿಲಿಯಂ ರೀವ್ ನಿಘಂಟು ಕಟ್ಟಿದ. 1830ರ ದಶಕದ ಆರಂಭಕ್ಕೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಒಂದು ಮಿಶನ್ನಿನ ದುಡಿಮೆಯ ಮೇಲೆ ಇನ್ನೊಂದು ಮಿಶನ್ ಕಾಲೂರಿತು. ನಮ್ಮ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಒಂದು ಸಂಗತಿ ಇದಕ್ಕೆ ಸಾಕ್ಷಿ. 1843ರ ಜುಲೈ 1ರಂದು ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ, ಅದು ಕಲ್ಲಚ್ಚಿನ ಪತ್ರಿಕೆ. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಏಕೆ ಹೋಯಿತೆಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಅಚ್ಚಿನ ಮೊಳೆಗಳಿದ್ದುದು ಬಳ್ಳಾರಿಯಲ್ಲಿ. ಜರ್ಮನರ ಪತ್ರಿಕೆ ಇಂಗ್ಲಿಷರ ಮಿಶನ್ನಿನ ಊರಿನಲ್ಲಿ ಅಚ್ಚಾಯಿತು, ಅಷ್ಟೆ.

ಮುಂದೆ ಬೈಬಲಿನ ಅನುವಾದವನ್ನು ತಿದ್ದುವ ಕೆಲಸದಲ್ಲಿ ಲಂಡನ್ ಮಿಶನ್ನಿನ ಬೆಂಜಮಿನ್ ರೈಸ್ (ಶಾಸನಗಳ ಬಿ. ಎಲ್. ರೈಸರ ತಂದೆ), ಬಾಸೆಲ್ಲಿನ ವೈಗ್ಲೆ, ವೆಸ್ಲಿಯನ್ನರು ಕೈಜೋಡಿಸಿದರು. 1860ರ ದಶಕದಲ್ಲಿ ಮುಗಿದ ಆ ಕೆಲಸದಲ್ಲಿ ಅವರು ಒಪ್ಪಬೇಕಾದದ್ದು ತತ್ತ್ವಗಳಿಗಿಂತ ಹೆಚ್ಚಾಗಿ ಶಬ್ದಗಳನ್ನು. ನೀರಿನಿಂದ ಮಾಡುವ ಸಂಸ್ಕಾರಕ್ಕೆ ಕನ್ನಡ ಕ್ರೈಸ್ತರಲ್ಲಿ ನಿಂತ ಮಾತು ‘ದೀಕ್ಷಾಸ್ನಾನ’. ದೀಕ್ಷೆಯೆಂಬುದು ಈ ಸೀಮೆಯಲ್ಲಿ ಮಠಮಠದ ಮಾತು. ಲಿಂಗದೀಕ್ಷೆಯನ್ನು ಬಲ್ಲ ಕಿವಿಗೆ ಅದು ಪರಕೀಯವೆನಿಸದು. ‘ಸಭೆ’ಯೂ ಹಾಗೆಯೇ. ಯುರೋಪಿನ ಹತ್ತು ಪಂಥಗಳಿಗೆ ಹತ್ತು ಹೆಸರಿದ್ದರೆ ಇಲ್ಲಿ ಎಲ್ಲವೂ ಸಭೆಯೇ. ನಮ್ಮ ಬೀದಿಯ ಹಿರಿಯರು ‘ಬಾಸೆಲ್ ಸಭಾ’ ಎಂದದ್ದು ಇದನ್ನೇ.

ಹೀಗೆ ಚರ್ಚುಗಳು ಕೂಡಿದವು, ಕುಂಪಣಿಯ ಬಾಗಿಲು ತೆರೆಯಿತು. ಊರಿನ ಬಾಗಿಲು? ಹುಬ್ಬಳ್ಳಿ–ಧಾರವಾಡದ ಸುತ್ತ 1840ರ ಸುಮಾರಿಗೆ ನಡೆದ ಒಂದು ಪ್ರಸಂಗವನ್ನು ನಾನು ಮತ್ತೆಮತ್ತೆ ಓದಿದ್ದೇನೆ. ಕಾಲಜ್ಞಾನದ ಮಾತುಗಳನ್ನು ನಂಬಿದ ಒಂದು ಜನ ಪಾದ್ರಿಗಳ ಬಳಿಗೆ ತಾವಾಗಿಯೇ ಬಂದರು. ಹೊರಗಿನಿಂದ ಬರುವವರು ಧರ್ಮದ ಹೊಸ ಆಳಿಕೆಯನ್ನು ತರುವರೆಂದು ನಮ್ಮ ಗ್ರಂಥಗಳಲ್ಲಿದೆ, ಅವರು ನೀವೇ ಇರಬೇಕು ಎಂದರು. ಹಿಂದೆ ಸಾವಿರಾರು ಮಂದಿ ಇದ್ದಾರೆಂಬ ಮಾತೂ ಬಂತು. ಪಾದ್ರಿಗಳ ಸಂತೋಷವನ್ನು ಊಹಿಸಬಹುದು. ಇವರೆಲ್ಲ ಬಂದರೆ ನೆಲೆಗೊಳ್ಳಲು ಒಂದು ಊರು ಬೇಕೆಂದು ಗದಗ–ಬೆಟಗೇರಿಯ ಬಳಿ ಮಲ್ಲಸಮುದ್ರದಲ್ಲಿ ನೆಲ ಹಿಡಿದು ಒಕ್ಕಲುತನದ ವಸಾಹತು ಕಟ್ಟಿದರು. ಬರುತ್ತೇವೆಂದವರು ಬರಲಿಲ್ಲ. ಅವರು ಕಾಯುತ್ತಿದ್ದ ಆಳಿಕೆ ಒಂದು, ಇವರು ತಂದ ವಾರ್ತೆ ಇನ್ನೊಂದು. ಒಂದೇ ಭಾಷೆಯಲ್ಲಿ ಮಾತಾಡುತ್ತ ಎರಡು ಕಡೆಯವರೂ ಒಬ್ಬರನ್ನೊಬ್ಬರು ತಪ್ಪಾಗಿ ತಿಳಿದರು. ಪಾದ್ರಿಗಳು ಮೋಸಹೋದರೆಂದು ಬರೆಯುವವರಿದ್ದಾರೆ. ಕಾಲಜ್ಞಾನಿಗಳಿಗೂ ಆಸೆ ಮುರಿಯಿತೆಂಬುದನ್ನು ಅವರು ಗಣಿಸುವುದಿಲ್ಲ.

ಗುಂಪಾಗಿ ಬರುವವರು ಬರಲಿಲ್ಲ. ಒಬ್ಬಿಬ್ಬರಾಗಿ ಬಂದವರ ಪಾಡು ಕಠಿಣವಾಗಿತ್ತು. ದೀಕ್ಷಾಸ್ನಾನ ಪಡೆದ ದಿನವೇ ಮನೆ ಹೊರಗೆ, ಬಾವಿ ಹೊರಗೆ, ಹೊಲದ ಪಾಲೂ ಇಲ್ಲ. ಧರ್ಮ ಬದಲಿಸಿದವನಿಗೂ ಆಸ್ತಿಯ ಹಕ್ಕು ಉಂಟೆಂದು ಸರಕಾರ ಕಾಯಿದೆ ಮಾಡಿದ್ದು 1850ರಲ್ಲಿ. ಕಾಯಿದೆಯಾದರೂ ಅಣ್ಣತಮ್ಮಂದಿರ ಎದುರು ಕೋರ್ಟಿಗೆ ಹೋಗುವ ಧೈರ್ಯ ಎಷ್ಟು ಮಂದಿಗಿದ್ದೀತು? “ನಮ್ಮ ಮುತ್ತಜ್ಜನ ತಮ್ಮಂದಿರು ಆಮೇಲೂ ಸಂತ್ಯಾಗ ಸಿಕ್ಕರ ಮಾತಾಡತಿದ್ರಂತ್ರಿ. ಮನಿಗೆ ಮಾತ್ರ ಕರೀಲಿಲ್ಲ” ಎಂದು ನಮ್ಮ ಹಿರಿಯರು ಒಮ್ಮೆ ಹೇಳಿದರು. ಹೀಗೆ ಹೊರಬಿದ್ದವರಿಗೆ ಅನ್ನ ಕೊಡುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ಮಂಗಳೂರಿನ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ, ಬೈಂಡಿಂಗು, ಅಚ್ಚುಕೂಟ, ಎಲ್ಲವೂ ಈ ಹೊಣೆಯಿಂದ ಬೆಳೆದವು. ಹಣದ ಒಂದು ಪಾಲು ಬಂದದ್ದು 1855ರಲ್ಲಿ ಬಾಸೆಲ್ಲಿನಲ್ಲಿ ಆರಂಭವಾದ ‘ಅರ್ಧ ಬಾಟ್ಸೆನ್’ ವಂತಿಗೆಯಿಂದ. ಬಾಟ್ಸೆನ್ ಎಂಬುದು ಅಲ್ಲಿಯ ಚಿಲ್ಲರೆ ನಾಣ್ಯ, ಅದರ ಅರ್ಧವನ್ನು ಬಡವರು ವಾರವಾರವೂ ಕೊಡುತ್ತಿದ್ದರು. ಅಲ್ಲಿಯ ಬಡವನ ಚಿಲ್ಲರೆಯಿಂದ ಇಲ್ಲಿಯ ಬಡವನಿಗೆ ಮಗ್ಗ ಬಂತು. ಆದರೆ ಪಾದ್ರಿಯೇ ಗುರು, ಪಾದ್ರಿಯೇ ಧಣಿ ಎಂಬ ಸ್ಥಿತಿಯೂ ಅದರ ಜೊತೆಗೇ ಬಂತು, ಇದನ್ನು ಮುಚ್ಚಿಡಬೇಕಾಗಿಲ್ಲ.

1914ರಲ್ಲಿ ಬಾಗಿಲು ಮತ್ತೆ ಮುಚ್ಚಿತು. ಯುದ್ಧ ಸಾರಿದೊಡನೆ ಎಂಬತ್ತು ವರ್ಷದಿಂದ ಇದ್ದವರು ವೈರಿ ದೇಶದವರಾದರು. ಜರ್ಮನ್ ಪಾದ್ರಿಗಳನ್ನು ಅಹಮದನಗರದ ಶಿಬಿರದಲ್ಲಿಟ್ಟು, 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಹಿಂದಕ್ಕೆ ಕಳಿಸಿದರು. ಕಾರ್ಖಾನೆಗಳು ಕೈಬಿಟ್ಟುಹೋದವು. ಆಗ ಸಭೆಗಳನ್ನು ನೋಡಿದವರು ಯಾರು? ನಮ್ಮ ಧಾರವಾಡ ಸೀಮೆಗೆ ಲೋಸಾನಿನ ಸ್ವಿಸ್ಸರು ‘ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್’ ಎಂಬ ಹೆಸರಿನಿಂದ ಬಂದರು. ಮಲಬಾರಿನ ಸಭೆಗಳು ದಕ್ಷಿಣ ಭಾರತ ಐಕ್ಯ ಸಭೆಯನ್ನು ಸೇರಿದವು. ದಿನದಿನದ ಭಾರ ಹೊತ್ತವರು ಮಾತ್ರ ಕನ್ನಡದ ಉಪದೇಶಿಗಳು, ಸಾಲಿಯ ಮಾಸ್ತರರು, ಸಭೆಯ ಹಿರಿಯರು. ಇವರ ಹೆಸರಿನ ನಿಘಂಟಿಲ್ಲ, ಪ್ರತಿಮೆಯಿಲ್ಲ.

ನೇಪಾಳದ ಕಥೆ ಇದಕ್ಕೆ ಹತ್ತಿರದ್ದು. 1951ರವರೆಗೆ ರಾಣಾಗಳ ಆಳಿಕೆಯಲ್ಲಿ ಮಿಶನರಿಗಳಿಗೆ ಆ ನಾಡು ಮುಚ್ಚಿತ್ತು. 1954ರಲ್ಲಿ ಹಲವು ಮಿಶನ್ನುಗಳು ನಾಗಪುರದಲ್ಲಿ ಕೂಡಿ ಐಕ್ಯ ಮಿಶನ್ ಕಟ್ಟಿಕೊಂಡು ಒಳಗೆ ಹೋದವು; ಮತಾಂತರ ಮಾಡಕೂಡದು, ಆಸ್ಪತ್ರೆ ಸಾಲಿ ನಡೆಸಬಹುದು ಎಂಬ ಕಟ್ಟಳೆಗೆ ಒಪ್ಪಿಯೇ ಹೋದವು. ಸಭೆಗಳನ್ನು ಕಟ್ಟಿದವರು ಇಂಡಿಯಾದಿಂದ ಮರಳಿದ ನೇಪಾಳಿಗಳು. ಅಲ್ಲಿ ಮೊದಲೇ ಆದದ್ದು ನಮ್ಮಲ್ಲಿ ಎಂಬತ್ತು ವರ್ಷದ ಮೇಲೆ, ಯುದ್ಧದ ಬಲಾತ್ಕಾರದಿಂದ ಆಯಿತು.

ಬಾಸೆಲ್ಲಿನವರು 1920ರ ದಶಕದ ಕೊನೆಯ ಭಾಗದಲ್ಲಿ ಮರಳಿ ಬಂದರು. ಆದರೆ ಬಿಟ್ಟುಹೋದ ಸಭೆ ಅದಾಗಿರಲಿಲ್ಲ; ಅವರಿಲ್ಲದೆ ನಡೆದು ನೋಡಿತ್ತು. 1947ರ ಸಪ್ಟಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಐಕ್ಯ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯಾದರು. ನಮ್ಮ ಸೀಮೆಯ ಬಾಸೆಲ್ ಸಭೆಗಳು ಆ ದಿನ ಸೇರದೆ, ತಡೆದು, ತಮ್ಮಲ್ಲೇ ಚರ್ಚಿಸಿ ಆಮೇಲೆ ಸೇರಿದವು. ಈ ತಡವನ್ನು ದೋಷವೆನ್ನುವವರಿಗೆ ನಾನು ಒಪ್ಪುವುದಿಲ್ಲ; ಯಾರೋ ಕೂಡಿಸಿದ್ದಕ್ಕೆ ಕೂಡುವುದಕ್ಕಿಂತ ತಾವು ವಿಚಾರಿಸಿ ಕೂಡುವುದು ಬೇರೆ. 1970ರಲ್ಲಿ ಮೈಸೂರು ಧರ್ಮಪ್ರಾಂತ ಮೂರಾದಾಗ ಉತ್ತರದ ಪೀಠ ಧಾರವಾಡಕ್ಕೆ ಬಂತು. ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ಮಾತ್ರ ಜನ ಇಂದಿಗೂ ಜರ್ಮನ್ ಆಸ್ಪತ್ರೆಯೆಂದೇ ಕರೆಯುತ್ತಾರೆ.

ಇಷ್ಟೆಲ್ಲ ಓದಿಕೊಂಡು ತರಗತಿಗೆ ಹೋಗುವ ಹೊತ್ತಿಗೆ ಆ ಹುಡುಗ ಮೂರನೆಯ ವರ್ಷಕ್ಕೆ ಬಂದಿದ್ದ. ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, ಮಾರ್ಬರ್ಗಿನಿಂದ ಮಲ್ಲಸಮುದ್ರದವರೆಗೆ ಎಲ್ಲವನ್ನೂ ಹೇಳಿದೆ. ಅವನು ಸಮಾಧಾನದಿಂದ ಕೇಳಿ, “ಹಂಗಾದ್ರ ಸರ್, ಪರೀಕ್ಷೆಯೊಳಗ ಏನಂತ ಬರೀಬೇಕ್ರಿ?” ಎಂದ. “ಬಾಸೆಲ್ ಸಭೆ ಅಂತ ಬರಿ” ಎಂದೆ.