ಯುಕೆಜಿ ವರ್ಷದಲ್ಲಿ ಮಗು ಏನು ಕಲಿಯುತ್ತೆ? ಪೋಷಕರು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು

ಶಾಲೆ ಶುರುವಾಗಿ ಮೂರು ತಿಂಗಳಾಗುವ ಹೊತ್ತಿಗೆ ಬಹುತೇಕ ಮನೆಗಳಲ್ಲಿ ಒಂದೇ ಚರ್ಚೆ. ಪಕ್ಕದ ಮನೆಯ ಮಗು ಆಗಲೇ ಇಂಗ್ಲಿಷಿನಲ್ಲಿ ವಾಕ್ಯ ಬರೀತಿದೆ, ನಮ್ಮದು ಇನ್ನೂ ‘ಬಿ’ ಬರೆಯೋಕೆ ಹೋಗಿ ‘ಡಿ’ ಬರೆಯುತ್ತೆ, ಏನು ಮಾಡೋದು? ಐದು ವರ್ಷದ ಮಕ್ಕಳಲ್ಲಿ ಈ ಎರಡೂ ಸಹಜ ಎಂಬುದು ಇದಕ್ಕಿರುವ ಚಿಕ್ಕ ಉತ್ತರ. ಆದರೆ ಆ ಉತ್ತರ ಪೋಷಕರಿಗೆ ಸಿಗುವ ಮೊದಲೇ ಟ್ಯೂಷನ್ ಶುರುವಾಗಿರುತ್ತೆ, ಮಗುವಿಗೆ ಪೆನ್ಸಿಲ್ ಕಂಡರೆ ಅಳು ಬರುವ ಹಂತ ತಲುಪಿರುತ್ತೆ.

ಒಂದನೇ ತರಗತಿಗೆ ಮುಂಚಿನ ಈ ವರ್ಷವನ್ನು ಯುಕೆಜಿ, ಶಿಶುವಿಹಾರ, ಬಾಲವಾಟಿಕ ಅಂತ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಅಂಗನವಾಡಿಯಲ್ಲಾದರೆ ಅದು ಕೊನೆಯ ವರ್ಷ. ಹೆಸರು ಯಾವುದಾದರೂ ಮಗುವಿನ ವಯಸ್ಸು ಅದೇ, ಅಗತ್ಯಗಳೂ ಅವೇ.

ವಯಸ್ಸಿನ ಲೆಕ್ಕ

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ಕರ್ನಾಟಕ ಸರ್ಕಾರ 2022ರ ಜುಲೈನಲ್ಲಿ ಆದೇಶ ಹೊರಡಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಪೋಷಕರಿಂದ ವಿರೋಧ ಬಂದಿದ್ದರಿಂದ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ ಎಂದು ಹೇಳಿ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟರು. ಕೇಂದ್ರೀಯ ವಿದ್ಯಾಲಯಗಳಲ್ಲೂ ಒಂದನೇ ತರಗತಿಗೆ 6 ವರ್ಷವೇ, ಆದರೆ ಅಲ್ಲಿ ಲೆಕ್ಕ ಹಿಡಿಯುವುದು ಮಾರ್ಚ್ 31ಕ್ಕೆ.

ಹಾಗಾಗಿ ಹಿಂದಿನಿಂದ ಎಣಿಸಿಕೊಂಡು ಬನ್ನಿ. ಒಂದನೇ ತರಗತಿಗೆ 6 ಎಂದರೆ ಯುಕೆಜಿಗೆ 5, ಎಲ್‌ಕೆಜಿಗೆ 4. ಮೂರು ವರ್ಷಕ್ಕೇ ಎಲ್‌ಕೆಜಿಗೆ ಹಾಕಿದರೆ ಮುಂದೆ ಎಲ್ಲೋ ಒಂದು ಕಡೆ ಮಗು ಒಂದು ವರ್ಷ ಕಾಯಬೇಕಾಗುತ್ತೆ. ಇದನ್ನು ‘ವರ್ಷ ವೇಸ್ಟ್’ ಅಂತ ಅನೇಕರು ಭಾವಿಸುತ್ತಾರೆ. ಹಳ್ಳಿಗಳ ಚಿಕ್ಕ ಮಕ್ಕಳ ಕಲಿಕೆ ಕುರಿತ 2019ರ ಅಸರ್ ವರದಿ ಹೇಳಿದ್ದು ಬೇರೆ: ಒಂದನೇ ತರಗತಿಯಲ್ಲೇ ಇರುವ ಮಕ್ಕಳ ಪೈಕಿ ವಯಸ್ಸಿನಲ್ಲಿ ದೊಡ್ಡವರು ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಬೇಗ ಸೇರಿಸಿದ ಮಾತ್ರಕ್ಕೆ ಬೇಗ ಕಲಿಯುತ್ತದೆ ಎನ್ನುವ ಹಾಗಿಲ್ಲ.

ಮೊದಲ ತಿಂಗಳು

ಅಳು ಇದ್ದೇ ಇರುತ್ತೆ. ಕೆಲವು ಮಕ್ಕಳು ಮೊದಲ ದಿನ ನಗುತ್ತಾ ಹೋಗಿ, ಎರಡನೇ ವಾರ ಅಳೋಕೆ ಶುರು ಮಾಡುತ್ತಾರೆ. ಇದು ದಿನಾ ಇರುವ ಕೆಲಸ ಅಂತ ಅವರಿಗೆ ಆಗ ಅರ್ಥವಾಗಿರುತ್ತೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತಾರೆ. ಹೇಳದೇ ಕೇಳದೇ ತಪ್ಪಿಸಿಕೊಂಡು ಬರಬೇಡಿ. ‘ಊಟ ಆದಮೇಲೆ ಅಜ್ಜಿ ಬರ್ತಾರೆ’ ಅಂತ ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ಗಡಿಯಾರ ನೋಡಲು ಬರದ ಮಗುವಿಗೂ ‘ಊಟ ಆದಮೇಲೆ’ ಅನ್ನುವುದು ಗೊತ್ತಾಗುತ್ತೆ.

ಮನೆಗೆ ಬಂದ ಮೇಲೆ ರಂಪ, ಹಟ ಹೆಚ್ಚಾಗಬಹುದು. ದಿನವಿಡೀ ಹೊಸ ಜನರ ನಡುವೆ ತಡೆದುಕೊಂಡಿದ್ದನ್ನು ಮಕ್ಕಳು ಮನೆಯಲ್ಲಿ ಹೊರಹಾಕುತ್ತಾರೆ. ‘ಇವತ್ತು ಏನು ಕಲಿಸಿದ್ರು?’ ಅಂದರೆ ‘ಏನೂ ಇಲ್ಲ’ ಅಂತಾರೆ. ‘ಯಾರ ಪಕ್ಕ ಕೂತಿದ್ದೆ?’, ‘ಡಬ್ಬೀಲಿ ಏನು ಉಳೀತು?’ ಅಂತ ಕೇಳಿ, ಕಥೆಯೇ ಬರುತ್ತೆ.

ಮಾತು ಮತ್ತು ಭಾಷೆ

ಈ ವರ್ಷದ ಅತಿ ದೊಡ್ಡ ಕಲಿಕೆ ಮಾತಿನಲ್ಲಿ ಆಗುತ್ತೆ. ವರ್ಷದ ಕೊನೆಗೆ ಮಗು ನಡೆದ ಸಂಗತಿಯನ್ನು ಸುಮಾರಾಗಿ ಮೊದಲು-ನಂತರ ಎಂದು ಜೋಡಿಸಿ ಹೇಳಬಲ್ಲದು, ಎರಡು-ಮೂರು ಹಂತದ ಸೂಚನೆ ಪಾಲಿಸಬಲ್ಲದು, ಕೇಳಿದ ಕಥೆಯನ್ನು ತನ್ನದೇ ಮಾತಿನಲ್ಲಿ ಹೇಳಬಲ್ಲದು. ಒಂದೇ ಶಬ್ದದಿಂದ ಶುರುವಾಗುವ ಪದಗಳನ್ನು ಗುರುತಿಸುವುದು, ಪ್ರಾಸ ಹಿಡಿಯುವುದು, ‘ಕಮಲ’ ಪದವನ್ನು ಕ-ಮ-ಲ ಎಂದು ಚಪ್ಪಾಳೆ ತಟ್ಟಿ ಬಿಡಿಸುವುದು ಆಟದಂತೆ ಕಾಣಬಹುದು. ಮುಂದಿನ ಓದಿಗೆ ಬುನಾದಿ ಇದೇ.

ಮನೆಯಲ್ಲಿ ತುಳು, ಉರ್ದು, ಕೊಂಕಣಿ ಅಥವಾ ಲಂಬಾಣಿ ಮಾತಾಡುವ ಮಗು ಕನ್ನಡ ಅಥವಾ ಇಂಗ್ಲಿಷ್ ತರಗತಿಗೆ ಹೋದಾಗ ಕೆಲವು ತಿಂಗಳು ಬಾಯಿ ಬಿಡದೇ ಇರಬಹುದು. ಅಷ್ಟು ದಿನ ಅದು ಕೇಳಿಸಿಕೊಳ್ಳುತ್ತಿರುತ್ತದೆ. ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದು ಸಲಹೆ ಕೊಡುವ ಶಾಲೆಗಳಿವೆ. ಅಪ್ಪ-ಅಮ್ಮನಿಗೆ ಸರಾಗವಾಗಿ ಬರದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಿದರೆ ಮಾತೇ ಕಡಿಮೆಯಾಗುತ್ತೆ. ‘ಕಮ್’, ‘ಸಿಟ್’, ‘ಈಟ್’ಗಷ್ಟೇ ಸಂಭಾಷಣೆ ನಿಲ್ಲುತ್ತೆ. ಅಜ್ಜ-ಅಜ್ಜಿಯ ಜೊತೆ ಹರಟುವ ಭಾಷೆಯಲ್ಲಿ ಮಗು ಶ್ರೀಮಂತವಾಗಿದ್ದರೆ ಇನ್ನೊಂದು ಭಾಷೆ ಅದರ ಮೇಲೆ ಕೂರುತ್ತೆ.

ಅಕ್ಷರ ಮತ್ತು ಬರವಣಿಗೆ

ಪೋಷಕರ ಆತಂಕವೆಲ್ಲ ಇರುವುದು ಇಲ್ಲೇ. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡ ವರ್ಣಮಾಲೆಯಲ್ಲಿ 49, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಕರ್ನಾಟಕದ ಶಾಲಾ ಮಕ್ಕಳ ಮೇಲೆ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಅವರ 2007ರ ಅಧ್ಯಯನ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ ಎಂದು ತೋರಿಸಿತು. ಹೀಗಿರುವಾಗ ಐದು ವರ್ಷದ ಮಗುವಿಗೆ ಪೂರ್ತಿ ಕಾಗುಣಿತ ಬರೆಯಲು ಬರಲಿಲ್ಲ ಅಂತ ಕೊರಗುವುದರಲ್ಲಿ ಅರ್ಥವಿಲ್ಲ.

ವರ್ಷದ ಕೊನೆಗೆ ಇಷ್ಟು ನಿರೀಕ್ಷಿಸಬಹುದು: ತನ್ನ ಹೆಸರು ಗುರುತಿಸುವುದು ಮತ್ತು ಬರೆಯಲು ಯತ್ನಿಸುವುದು, ಪರಿಚಿತ ಅಕ್ಷರಗಳನ್ನು ಹೇಳುವುದು, ಕೆಲವು ಸರಳ ಪದ ಓದುವುದು, ಪುಸ್ತಕವನ್ನು ನೇರವಾಗಿ ಹಿಡಿದು ಪುಟ ತಿರುಗಿಸುತ್ತಾ ಚಿತ್ರ ನೋಡಿ ಕಥೆ ಹೇಳುವುದು. ಅಕ್ಷರ ತಿರುಗಾ-ಮುರುಗಾ ಬರೆಯುವುದು ಏಳು ವರ್ಷದವರೆಗೂ ಸಾಮಾನ್ಯ.

ಬರೆಯೋದು ಕೈಯ ಕೆಲಸವೂ ಹೌದು. ಬೆರಳು, ಮಣಿಕಟ್ಟಿನ ಬಲ ಈ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತೆ. ಅದಕ್ಕೆ ಕಾಪಿ ಪುಸ್ತಕಕ್ಕಿಂತ ಅಡುಗೆಮನೆ ಒಳ್ಳೆಯದು. ಅವರೆಕಾಯಿ ಸುಲಿಯಲಿ, ಚಪಾತಿ ಹಿಟ್ಟು ನಾದಲಿ, ಹೂ ಪೋಣಿಸಲಿ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಿ. ಗೀಚಲಿ, ಬಣ್ಣ ಹಚ್ಚಲಿ. ಎರಡು ಪುಟ ಕಡ್ಡಾಯವಾಗಿ ಬರೆಸುವುದಕ್ಕಿಂತ ಇದರಿಂದ ಪೆನ್ಸಿಲ್ ಹಿಡಿತ ಚೆನ್ನಾಗಿ ಬರುತ್ತೆ.

ಲೆಕ್ಕ

ನೂರರವರೆಗೆ ಬಾಯಿಪಾಠ ಹೇಳುವುದು ಒಂದು, ಎಣಿಕೆ ಗೊತ್ತಿರುವುದು ಇನ್ನೊಂದು. ‘ಏಳು ಚಮಚ ತಗೊಂಡು ಬಾ’ ಅಂದರೆ ಸರಿಯಾಗಿ ಏಳೇ ತರುವ ಮಗುವಿಗೆ ಸಂಖ್ಯೆ ಅರ್ಥವಾಗಿದೆ. 10ರವರೆಗೆ, ಆಮೇಲೆ 20ರವರೆಗೆ ವಸ್ತು ಎಣಿಸುವುದು, ಹೆಚ್ಚು-ಕಡಿಮೆ, ಉದ್ದ-ಗಿಡ್ಡ ಹೋಲಿಸುವುದು, ಬಣ್ಣ-ಆಕಾರದ ಪ್ರಕಾರ ವಿಂಗಡಿಸುವುದು ಈ ವರ್ಷಕ್ಕೆ ಸಾಕು. ಹುಣಸೆ ಬೀಜ, ಹಾವು-ಏಣಿ, ಚೌಕಾಬಾರ ಇದ್ದರೆ ಬೇರೆ ವರ್ಕ್‌ಶೀಟ್ ಬೇಕಿಲ್ಲ.

ಸ್ವಂತ ಕೆಲಸ, ಸ್ನೇಹ, ಜಗಳ

ಒಂದನೇ ತರಗತಿಗೆ ಮಗು ತಯಾರಾಗಿದೆಯೇ ಎಂದು ತಿಳಿಯಲು ಇವುಗಳನ್ನು ನೋಡಿ: ತಾನೇ ಊಟ ಮಾಡುತ್ತಾ? ಶೌಚಾಲಯಕ್ಕೆ ಹೋಗಬೇಕು ಅಂತ ಮಿಸ್‌ಗೆ ಹೇಳುತ್ತಾ? ಚಪ್ಪಲಿ, ನೀರಿನ ಬಾಟಲಿ ತನ್ನದು ಯಾವುದು ಅಂತ ಗೊತ್ತಾ? ತನ್ನ ಸರದಿ ಬರೋವರೆಗೆ ಕಾಯುತ್ತಾ? ಸೋತಾಗ ಅತ್ತರೂ ಮತ್ತೆ ಆಟಕ್ಕೆ ಬರುತ್ತಾ? ಮೂವತ್ತು ಮಕ್ಕಳ ನಡುವೆ ದಿನ ಕಳೆಯಬೇಕಾದ ಮಗುವಿಗೆ ಇವು ಅಕ್ಷರದಷ್ಟೇ ಮುಖ್ಯ.

ಇವತ್ತು ಪ್ರಾಣಸ್ನೇಹಿತ, ನಾಳೆ ‘ಅವನ ಜೊತೆ ಟೂ’. ಅದು ನಡೆಯುತ್ತಿರಲಿ. ಆದರೆ ಒಂದೇ ಮಗುವಿನಿಂದ ಪದೇ ಪದೇ ಪೆಟ್ಟು, ಶಾಲೆಯ ಹೆಸರೆತ್ತಿದರೆ ಭಯ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು, ಮೈಮೇಲೆ ಕಾರಣ ತಿಳಿಯದ ಗಾಯ — ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಗು ಹೇಳಿದ್ದನ್ನು ನಂಬಿ, ಶಾಲೆಯನ್ನು ಕೇಳಿ. ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಆರೋಗ್ಯ

ಶಾಲೆಗೆ ಸೇರಿದ ಮೊದಲ ವರ್ಷ ನೆಗಡಿ, ಕೆಮ್ಮು, ಜ್ವರ ಮೇಲಿಂದ ಮೇಲೆ ಬರುತ್ತೆ. ಈ ವಯಸ್ಸಿನ ಮಗುವಿಗೆ ವರ್ಷಕ್ಕೆ ಏಳೆಂಟು ಸಲ ನೆಗಡಿಯಾಗುವುದು ಅಪರೂಪವಲ್ಲ. ಜ್ವರ ಇದ್ದಾಗ, ಕೈ-ಕಾಲು-ಬಾಯಿಯಲ್ಲಿ ಗುಳ್ಳೆ ಎದ್ದಾಗ ಮನೆಯಲ್ಲೇ ಇರಿಸಿಕೊಳ್ಳಿ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ 5ರಿಂದ 6 ವರ್ಷದೊಳಗೆ ಡಿಪಿಟಿ ಎರಡನೇ ಬೂಸ್ಟರ್ ಇದೆ. ಹೆಚ್ಚಿನವರು ಮರೆಯುವುದು ಇದನ್ನೇ. ಈ ವಯಸ್ಸಿಗೆ ದಿನಕ್ಕೆ ಸುಮಾರು 10 ಗಂಟೆ ನಿದ್ದೆ ಬೇಕು. 5 ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಮೊಬೈಲ್, ಟಿವಿ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ.

ಹೆಸರು ಕರೆದರೆ ತಿರುಗದಿರುವುದು, ಬೇರೆ ಮಕ್ಕಳ ಕಡೆ ಗಮನವೇ ಇಲ್ಲದಿರುವುದು, ಹೊರಗಿನವರಿಗೆ ಮಾತು ಅರ್ಥವಾಗದಿರುವುದು, ಮೊದಲು ಬರುತ್ತಿದ್ದ ಮಾತು ಅಥವಾ ಕೌಶಲ ಮರೆತುಹೋಗುವುದು ಕಂಡರೆ ‘ಆಮೇಲೆ ಸರಿಹೋಗುತ್ತೆ’ ಅಂತ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತವೆ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ವರ್ತನೆ ಮತ್ತು ಬೆಳವಣಿಗೆಯ ಪ್ರಶ್ನೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ನೀತಿ ಹೇಳುವುದೇನು, ನಡೆಯುತ್ತಿರುವುದೇನು

ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ‘ಬುನಾದಿ ಹಂತ’ ಎಂದು ಗುರುತಿಸಿತು. ಆ ನೀತಿಯ ಹಲವು ಅಂಶಗಳ ಬಗ್ಗೆ ಕರ್ನಾಟಕದಲ್ಲಿ ತಕರಾರಿದೆ. ಆದರೆ ಚಿಕ್ಕ ಮಕ್ಕಳು ಆಟದ ಮೂಲಕ ಕಲಿಯಬೇಕು ಎಂಬುದರಲ್ಲಿ ಶಿಕ್ಷಣ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, ಆರು ವರ್ಷದೊಳಗಿನ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕ ಬೇಡ, ಈ ಹಂತಕ್ಕೆ ಪರೀಕ್ಷೆ ಸೂಕ್ತವಲ್ಲ ಎನ್ನುತ್ತದೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕದ ಮಗುವಿಗೆ ಬ್ಯಾಗೇ ಇರಬಾರದು, ಎರಡನೇ ತರಗತಿವರೆಗೆ ಹೋಂವರ್ಕ್ ಕೊಡಬಾರದು.

ಶಾಲೆಗಳ ಜಾಹೀರಾತಿನಲ್ಲಿ ‘ಮೆದುಳಿನ 85% ಬೆಳವಣಿಗೆ ಆರು ವರ್ಷದೊಳಗೆ’ ಎಂಬ ಸಾಲನ್ನು ನೋಡಿರುತ್ತೀರಿ. ಅದು ಇದೇ ಶಿಕ್ಷಣ ನೀತಿಯಲ್ಲಿದೆ. ಅದಕ್ಕೆ ನೀತಿ ಸೂಚಿಸಿದ ದಾರಿ ಆಟ. ಶಾಲೆಗಳು ಮಾರುತ್ತಿರುವುದು ನಾಲ್ಕು ಗೆರೆ ಪುಸ್ತಕ, ಯೂನಿಟ್ ಟೆಸ್ಟು, ಗ್ರ್ಯಾಜುಯೇಷನ್ ಗೌನು.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಉಚಿತ ಶಿಕ್ಷಣದ ಖಾತ್ರಿ ಕೊಡುವುದು 6ರಿಂದ 14 ವರ್ಷಕ್ಕೆ. ಆರರ ಕೆಳಗಿನವರಿಗೆ ಸರ್ಕಾರ ಅಗತ್ಯ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ ಅದರ 11ನೇ ಸೆಕ್ಷನ್ ಹೇಳುತ್ತದೆ. ಆ ‘ಮಾಡಬಹುದು’ ಬಿಟ್ಟ ಜಾಗಕ್ಕೆ ಖಾಸಗಿ ಶಾಲೆಗಳು ಬಂದವು. ಬಡವರ ಮಕ್ಕಳಿಗೆ ಉಳಿದದ್ದು ಅಂಗನವಾಡಿ. 1975ರಲ್ಲಿ ದೇಶದಲ್ಲಿ ಶುರುವಾದ ಈ ಯೋಜನೆಯಡಿ ರಾಜ್ಯದಲ್ಲಿ ಇಂದು 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಅಲ್ಲಿ ಹಾಲು, ಮೊಟ್ಟೆ, ಬಿಸಿಯೂಟ ಸಿಗುತ್ತೆ, ‘ಚಿಲಿಪಿಲಿ’ ಹೆಸರಿನ ಚಟುವಟಿಕೆ ಆಧಾರಿತ ಕಲಿಕೆ ಇದೆ. ಆದರೆ ಅದೇ ಕಾರ್ಯಕರ್ತೆ ಗರ್ಭಿಣಿಯರ ದಾಖಲೆ, ಪೋಷಣೆಯ ಲೆಕ್ಕ, ಸಮೀಕ್ಷೆ ಎಲ್ಲವನ್ನೂ ನೋಡಿಕೊಳ್ಳಬೇಕು. ಕಲಿಸೋಕೆ ಉಳಿಯುವ ಸಮಯ ಕಡಿಮೆ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳು ಅತ್ತ ಹೋದರೆ ಕೇಂದ್ರಗಳೇ ಮುಚ್ಚುತ್ತವೆ ಎಂಬುದು ಅವರ ಭಯ. ಅದೇ ಜುಲೈನಲ್ಲಿ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿಗೆ ಚಾಲನೆ ಕೊಟ್ಟಿತು. ಬೋರ್ಡು ಯಾವುದೇ ಇರಲಿ, ತರಬೇತಿ ಪಡೆದ ಶಿಕ್ಷಕಿ, ಆಡಲು ಜಾಗ, ಸಾಕಷ್ಟು ಸಮಯ ಇಲ್ಲದಿದ್ದರೆ ಮಗುವಿಗೆ ಲಾಭವಿಲ್ಲ.

ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ದಾಖಲಾತಿಗೆ ಮುಂಚೆ ಕಟ್ಟಡಕ್ಕಿಂತ ತರಗತಿ ನೋಡಿ. ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು? ಅವರು ಯಾವ ತರಬೇತಿ ಪಡೆದಿದ್ದಾರೆ? ದಿನಕ್ಕೆ ಎಷ್ಟು ಹೊತ್ತು ಹೊರಗೆ ಆಟ? ಮಕ್ಕಳ ಕೈಗೆ ಸಿಗುವ ಹಾಗೆ ಕಥೆ ಪುಸ್ತಕ, ಮಣ್ಣು, ಬಣ್ಣ ಇದೆಯಾ? ಶೌಚಾಲಯ ಪುಟ್ಟ ಮಕ್ಕಳಿಗೆ ತಕ್ಕಂತಿದೆಯಾ, ಜೊತೆಗೆ ಯಾರು ಹೋಗುತ್ತಾರೆ? ಮಗು ತನ್ನ ಮನೆಮಾತು ಆಡಿದರೆ ಏನು ಮಾಡುತ್ತೀರಿ? ಹೊಡೆಯುತ್ತೀರಾ ಅಂತ ನೇರವಾಗಿಯೇ ಕೇಳಿ. ಶುಲ್ಕದ ಜೊತೆ ಪುಸ್ತಕ, ಸಮವಸ್ತ್ರ, ವ್ಯಾನು, ‘ಚಟುವಟಿಕೆ ಶುಲ್ಕ’ ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತೆ ಎಂಬುದನ್ನು ಬರೆದು ಕೊಡಲು ಹೇಳಿ.

ಹೋಂವರ್ಕ್ ಹೆಚ್ಚಾಗಿದ್ದರೆ ಮಗುವನ್ನು ಬೈಯುವ ಬದಲು ಶಿಕ್ಷಕಿಯ ಜೊತೆ ಮಾತಾಡಿ. ಎಷ್ಟೋ ಸಲ ‘ಪೋಷಕರೇ ಕೇಳ್ತಾರೆ, ಅದಕ್ಕೇ ಕೊಡ್ತೀವಿ’ ಎನ್ನುವ ಉತ್ತರ ಬರುತ್ತೆ, ಅದರಲ್ಲಿ ಸತ್ಯವೂ ಇದೆ. ನಾಲ್ಕು ಮಂದಿ ಪೋಷಕರು ಒಟ್ಟಾಗಿ ‘ನಮಗೆ ಬೇಡ’ ಅಂತ ಹೇಳಿದರೆ ಶಾಲೆಗೂ ಬದಲಾಗಲು ಒಂದು ಕಾರಣ ಸಿಗುತ್ತೆ.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ: ದಿನಕ್ಕೊಂದು ಕಥೆ, ಒಂದಿಷ್ಟು ಆಟ, ಹೊತ್ತಿಗೆ ಸರಿಯಾಗಿ ನಿದ್ದೆ. ವರ್ಷ ಮುಗಿದಾಗ ನಿಮ್ಮ ಮಗು ‘ನಾಳೆ ಸ್ಕೂಲ್ ಇದೆಯಾ?’ ಅಂತ ಆಸೆಯಿಂದ ಕೇಳುತ್ತಿದ್ದರೆ, ಗೊತ್ತಿಲ್ಲದ್ದನ್ನು ಹೆದರದೇ ಪ್ರಶ್ನಿಸುತ್ತಿದ್ದರೆ ಯುಕೆಜಿ ಚೆನ್ನಾಗಿ ಆಗಿದೆ ಎಂದೇ ಲೆಕ್ಕ. ಒತ್ತಕ್ಷರಕ್ಕೆ ಮುಂದೆ ಸಮಯವಿದೆ.